ಭಜನೆಯಿಂದ ತರಗತಿಗೆ: ಸೊಲ್ಲಾಪುರ ಸೀಮೆಯ ಸಂಗೀತದ ಮೊದಲ ಪಾಠ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡಿಗರಲ್ಲಿ ಸಂಗೀತದ ಮೊದಲ ಪಾಠವು ಮಠ, ಗುಡಿಗಳ ಭಜನೆಯಲ್ಲಿ, ಏಕತಾರಿ ಎಂಬ ಒಂಟಿತಂತಿಯ ವಾದ್ಯದ ಶ್ರುತಿಗೆ ದನಿಗೂಡಿಸುತ್ತ, ಕಿವಿಯಿಂದಲೇ ನಡೆಯುತ್ತ ಬಂದಿತ್ತು. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಗುರುಗೃಹದ ವಿದ್ಯೆಯನ್ನು ತರಗತಿಗೆ ತಂದರು. ಅವರ ಶಿಷ್ಯರು 1931ರಲ್ಲಿ ಕಟ್ಟಿದ ಮಂಡಲವು ‘ಪ್ರಾರಂಭಿಕ’ದಿಂದ ‘ವಿಶಾರದ’ದವರೆಗೆ ಪರೀಕ್ಷೆಗಳ ಮೆಟ್ಟಿಲು ಹಾಕಿಕೊಟ್ಟಿದ್ದರಿಂದ, ಹೊಸದಾಗಿ ಕಲಿಯುವವರಿಗೆ ಎಲ್ಲಿಂದ ಆರಂಭಿಸಬೇಕೆಂಬ ಗೊಂದಲ ಕಡಿಮೆಯಾಯಿತು. ಆದರೂ ಎರಡೂ ದಾರಿಗಳಲ್ಲಿ ಮೊದಲು ಪಳಗಬೇಕಾದುದು ಕಿವಿಯೇ. ಪಂಚಮ, ಜೋಡಿ ಷಡ್ಜ, ಮಂದ್ರ ಷಡ್ಜಗಳಿಗೆ ಕಟ್ಟಿದ ನಾಲ್ಕು ತಂತಿಗಳ ತಂಬೂರಿಯ ನಾದದಲ್ಲಿ ಸ್ವರ ನಿಲ್ಲಿಸಲು ಬಾರದವರಿಗೆ ಪ್ರಮಾಣಪತ್ರ ಸ್ವರವನ್ನು ಕೊಡಲಾರದು. ಆ ತಂಬೂರಿಗಳು ಸಿದ್ಧವಾಗುವುದು ಮಿರಜಿನಲ್ಲಾದರೂ, ಅವುಗಳ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಸುತ್ತಲಿನ ಹೊಲಗಳಲ್ಲಿ.