ಕಾಯದಿಂದ ಕಾಯಕ, ಕಾಯಕದಿಂದ ನುಡಿ



ಅಸೂಯೆಗೆ ಕನ್ನಡವು 'ಹೊಟ್ಟೆಕಿಚ್ಚು' ಎನ್ನುತ್ತದೆ. ಧೈರ್ಯಕ್ಕೆ 'ಎದೆಗಾರಿಕೆ' ಎನ್ನುತ್ತದೆ. ಕಾರ್ಯ ಫಲಿಸಿದರೆ 'ಕೈಗೂಡಿತು', ಸದ್ಗುಣ ನಮ್ಮದಾದರೆ 'ಮೈಗೂಡಿತು'. ಕಣ್ಣಿಗೆ ಕಾಣದ ಭಾವಗಳಿಗೆ ನುಡಿಯು ದೇಹದಲ್ಲಿಯೇ ನೆಲೆಯನ್ನು ಕಂಡುಕೊಂಡಿದೆ. ರೂಪಕವು ಕೇವಲ ಕಾವ್ಯಾಲಂಕಾರವಲ್ಲ, ನಮ್ಮ ನಿತ್ಯದ ಆಲೋಚನೆಯೇ ರೂಪಕಗಳಿಂದ ಕಟ್ಟಲ್ಪಟ್ಟಿದೆ, ಅವುಗಳ ಬೇರು ದೇಹದ ಅನುಭವದಲ್ಲಿದೆ ಎಂದು ಅಮೇರಿಕದ ವಿದ್ವಾಂಸರಾದ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಅವರು 1980ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಈ ವಿಚಾರಕ್ಕೆ ನಮ್ಮ ನಾಡಿನಲ್ಲಿಯೇ ಹಿರಿದಾದ ನಿದರ್ಶನವಿದೆ. ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಬಸವಕಲ್ಯಾಣಕ್ಕೆ ಹೋಗುತ್ತೇವೆ. 12ನೆಯ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರ ಗೋಷ್ಠಿಯನ್ನು ಪರಂಪರೆಯು 'ಅನುಭವ ಮಂಟಪ'ವೆಂದೇ ಕರೆದಿದೆ. ಅಲ್ಲಿ ಪಾಂಡಿತ್ಯಕ್ಕಿಂತ ಬದುಕಿ ಅರಿತದ್ದೇ ಪ್ರಮಾಣವಾಯಿತು.

ಅಂಬಿಗರ ಚೌಡಯ್ಯನವರಿಗೆ ಹುಟ್ಟು ಹಾಕಿದ ತೋಳುಗಳಿದ್ದವು. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತವರು. ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ದೋಣಿ, ನೂಲು, ಹಗ್ಗಗಳು ಇವರಿಗೆ ಎರವಲು ತಂದ ಉಪಮೆಗಳಲ್ಲ, ಅಂಗೈಯಲ್ಲಿ ಒರಟಾಗಿ ಉಳಿದ ಅರಿವು. 'ಕಾಯಕ'ವೆಂಬ ಮಾತಿನ ಮೂಲದಲ್ಲಿಯೇ 'ಕಾಯ'ವಿದೆ. ಇಷ್ಟಲಿಂಗದ ನೆಲೆಯೂ ಕರಸ್ಥಲ. ದುಡಿಯುವ ಕೈಯೇ ಪೂಜೆಯ ಪೀಠವಾಯಿತು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನೆಯಬೇಕು. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕಿದ್ದನ್ನು ಮರಳಿ ಸುರಿದು ಬರುವಂತೆ ಆ ತಾಯಿ ಹೇಳಿದರು. ಬಾಗಿ ಒಂದೊಂದೇ ಕಾಳು ಆಯ್ದು ಬದುಕಿದ ಮನೆಯದು. ಸಾಕೆಂಬುದು ಎಷ್ಟು, ಆಸೆಯೆಂಬುದು ಎಲ್ಲಿಂದ ಮೊದಲು ಎಂಬುದನ್ನು ಅವರಿಗೆ ಶಾಸ್ತ್ರವು ಕಲಿಸಬೇಕಾಗಿರಲಿಲ್ಲ. ದಿನದ ಹಸಿವೇ ಅಳತೆಗೋಲಾಗಿತ್ತು.

ದುಡಿಯುವ ಮೈಯನ್ನು ಕೀಳೆಂದು ಎಣಿಸಿದ ಸಮಾಜದಲ್ಲಿ ಅದೇ ಮೈಯ ಅನುಭವವು ತತ್ತ್ವದ ಭಾಷೆಯಾದುದು ಸಣ್ಣ ಸಂಗತಿಯಲ್ಲ. ಇಂದು ನಾವು ಕಾಯಕದ ಮಹಿಮೆಯನ್ನು ಫಲಕಗಳಲ್ಲಿ ಬರೆಸುತ್ತೇವೆ. ಮಕ್ಕಳ ಕೈಗೆ ಮಣ್ಣು ಸೋಕಿದರೆ ನೊಂದುಕೊಳ್ಳುತ್ತೇವೆ. ಕಾಯವನ್ನು ಬಿಟ್ಟ ಕಾಯಕವು ಬರಿಯ ಶಬ್ದವಾಗಿ ಉಳಿದೀತು.

ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಯ ಗೊನೆ ಹೊತ್ತ ಹೆಗಲಿಗೆ 'ಹೊಣೆ ಹೊರುವುದು' ಎಂದರೇನೆಂದು ತಿಳಿದಿದೆ. ವಚನವನ್ನು ಓದುವ ಮುನ್ನ ಅಂಥ ಹೆಗಲಿನ ಮಾತಿಗೂ ಕಿವಿಗೊಡೋಣ. ಶರಣರ ನುಡಿ ಹುಟ್ಟಿದ್ದು ಅಲ್ಲಿಯೇ.