ಎಣಿಕೆಗೆ ಸಿಗದ ಋಣ: ಎಂ. ಎನ್. ಶ್ರೀನಿವಾಸರ ಬರಹ ಮತ್ತು ಅದರ ಪ್ರಭಾವ



ಲಂಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಓದುವ, ಪಾಠ ಹೇಳುವ ನಮ್ಮವರಿಗೆ ವಿದ್ವತ್ತನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿ ಹೊಸದಲ್ಲ. ಬ್ರಿಟನ್ನಿನಲ್ಲಿ 1986ರಿಂದ ಕೆಲವು ವರ್ಷಗಳಿಗೊಮ್ಮೆ ಸಂಶೋಧನೆಯ ಮೌಲ್ಯಮಾಪನ ನಡೆಯುತ್ತ ಬಂದಿದೆ. ಸರ್ಕಾರದ ಸಂಶೋಧನಾ ಅನುದಾನದ ಒಂದು ದೊಡ್ಡ ಭಾಗ ಅದರ ಆಧಾರದ ಮೇಲೆಯೇ ಹಂಚಿಕೆಯಾಗುತ್ತದೆ. 2014ರ ಸುತ್ತಿನಲ್ಲಿ ಒಬ್ಬೊಬ್ಬ ಅಧ್ಯಾಪಕನಿಂದ ಸಾಮಾನ್ಯವಾಗಿ ನಾಲ್ಕು ಪ್ರಕಟಣೆಗಳನ್ನು ನಿರೀಕ್ಷಿಸಲಾಗಿತ್ತು. ಇದರ ಜೊತೆಗೆ ಉಲ್ಲೇಖಗಳ ಲೆಕ್ಕವೂ ಇದೆ. ಅಮೆರಿಕದ ಯೂಜೀನ್ ಗಾರ್ಫೀಲ್ಡರು 1960ರ ದಶಕದಲ್ಲಿ ವಿಜ್ಞಾನಕ್ಕೂ, 1970ರ ದಶಕದಲ್ಲಿ ಸಮಾಜವಿಜ್ಞಾನಗಳಿಗೂ ಉಲ್ಲೇಖಸೂಚಿಗಳನ್ನು ಆರಂಭಿಸಿದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕವನ್ನು ಮುಂದಿಟ್ಟರು. ಒಬ್ಬರ ಸೂಚ್ಯಂಕ 20 ಎಂದರೆ, ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಬರಹಗಳು ಅವರ ಹೆಸರಿನಲ್ಲಿವೆ ಎಂದರ್ಥ. ಅರ್ಹತೆಯನ್ನು ಬಿಟ್ಟು ಪರಿಚಯಕ್ಕೆ ಮಣೆ ಹಾಕುವ ಕಡೆ ಇಂತಹ ಲೆಕ್ಕದಿಂದ ಪ್ರಯೋಜನವುಂಟು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮವರೇ ಆದ ಒಬ್ಬ ಸಮಾಜಶಾಸ್ತ್ರಜ್ಞರನ್ನು ಈ ತಕ್ಕಡಿಯಲ್ಲಿಟ್ಟು ನೋಡಿದರೆ ಅದರ ಮಿತಿ ತಾನಾಗಿಯೇ ಗೋಚರಿಸುತ್ತದೆ.

ಮೈಸೂರು ನರಸಿಂಹಾಚಾರ್ ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ, ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬವನ್ನು ಕುರಿತ ಮೊದಲ ಪುಸ್ತಕವನ್ನು 1942ರಲ್ಲಿ ಪ್ರಕಟಿಸಿದರು. 1945ರಲ್ಲಿ ಆಕ್ಸ್‌ಫರ್ಡಿಗೆ ಬಂದು, ಮೊದಲು ರ‍್ಯಾಡ್‌ಕ್ಲಿಫ್-ಬ್ರೌನರ ಬಳಿ, ಅನಂತರ ಇವಾನ್ಸ್-ಪ್ರಿಚರ್ಡರ ಬಳಿ ಅಧ್ಯಯನ ಮಾಡಿದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂದಿತು. ಕೆಳಗಿನ ಜಾತಿಯೊಂದು ಮೇಲಿನವರ ಆಚಾರಗಳನ್ನು ಅನುಸರಿಸಿ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆಗೆ ಅವರು ಕೊಟ್ಟ ಸಂಸ್ಕೃತೀಕರಣವೆಂಬ ಹೆಸರು ವಿದ್ವಲ್ಲೋಕಕ್ಕೆ ಪರಿಚಯವಾದದ್ದು ಈ ಗ್ರಂಥದಿಂದ.

ಇವಾನ್ಸ್-ಪ್ರಿಚರ್ಡರು ಆಕ್ಸ್‌ಫರ್ಡಿನಲ್ಲಿ ಶ್ರೀನಿವಾಸರಿಗೆ ಅಧ್ಯಾಪಕ ಹುದ್ದೆಯನ್ನು ಕೊಟ್ಟು, ಮೊದಲ ವರ್ಷವನ್ನು ಮೈಸೂರಿನ ಹಳ್ಳಿಯೊಂದರಲ್ಲಿ ಕಳೆಯಲು ಅನುಮತಿಸಿದರು. ಕೆಲಸಕ್ಕೆ ಸೇರಿದ ದಿನದಿಂದಲೇ ಪ್ರಕಟಣೆಗಳ ಪಟ್ಟಿ ಬೆಳೆಸಬೇಕಾದ ಇಂದಿನ ತರುಣ ಅಧ್ಯಾಪಕರಿಗೆ ಇದು ಪುರಾಣದ ಕಥೆಯಂತೆ ಕೇಳಿಸೀತು. 1948ರಲ್ಲಿ ಶ್ರೀನಿವಾಸರು ಹಳ್ಳಿಯಲ್ಲಿ ಸುಮಾರು ಹತ್ತು ತಿಂಗಳು ನೆಲೆಸಿದರು. 1952ರ ಬೇಸಿಗೆಯಲ್ಲಿ ಮತ್ತೆ ಹೋದರು. ಬರಹದಲ್ಲಿ ಆ ಊರಿಗೆ ಅವರಿಟ್ಟ ಹೆಸರು ರಾಂಪುರ. ನಿಜವಾದ ಹೆಸರು ಕೊಡಗಹಳ್ಳಿ.

ಆ ಹಳ್ಳಿಯಿಂದ ಹುಟ್ಟಿದ ಪ್ರಬಂಧಗಳು ಪುಟಗಳ ಲೆಕ್ಕದಲ್ಲಿ ದೊಡ್ಡವಲ್ಲ. 1955ರಲ್ಲಿ ಮೈಸೂರು ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯನ್ನು ಕುರಿತು ಬರೆದರು. 1959ರಲ್ಲಿ ಅಮೆರಿಕದ ವಿದ್ವತ್ಪತ್ರಿಕೆಯೊಂದರಲ್ಲಿ ರಾಂಪುರದ ‘ಪ್ರಬಲ ಜಾತಿ’ಯನ್ನು ವಿವರಿಸಿದರು. ಸಂಖ್ಯಾಬಲ, ಭೂಮಿಯ ಒಡೆತನ ಮತ್ತು ರಾಜಕೀಯ ಬಲಗಳಿರುವ ಜಾತಿಯು ಶಾಸ್ತ್ರೋಕ್ತ ಶ್ರೇಣಿಯಲ್ಲಿ ಅತ್ಯುನ್ನತವಲ್ಲದಿದ್ದರೂ ಊರನ್ನು ಆಳಬಲ್ಲದು ಎಂಬುದು ಇದರ ಸಾರ. ರಾಂಪುರದಲ್ಲಿ ಆ ಸ್ಥಾನ ಒಕ್ಕಲಿಗರದು. ಮಧ್ಯಭಾರತದಲ್ಲಿ ಕ್ಷೇತ್ರಕಾರ್ಯ ನಡೆಸಿದ, ಲಂಡನ್ನಿನ ಸೋಯಾಸ್ ಸಂಸ್ಥೆಯ ಏಡ್ರಿಯನ್ ಮೇಯರರು ಈ ಪರಿಕಲ್ಪನೆಯನ್ನು ಅಲ್ಲಿಗೂ ಅನ್ವಯಿಸಿ ನೋಡಿದರು; ಫ್ರಾನ್ಸಿನ ಲೂಯಿ ದ್ಯುಮೋಂ ಅದನ್ನು ತಮ್ಮದೇ ಸಿದ್ಧಾಂತದ ಬೆಳಕಿನಲ್ಲಿ ವಿಮರ್ಶಿಸಿದರು. ಉಲ್ಲೇಖಸೂಚಿಗೆ ಒಪ್ಪಿದವನೂ ಒಂದೇ, ಜಗಳವಾಡಿದವನೂ ಒಂದೇ.

ಇನ್ನು ‘ವೋಟ್ ಬ್ಯಾಂಕ್’. ಈ ಮಾತನ್ನು ಚಲಾವಣೆಗೆ ತಂದ ಕೀರ್ತಿ ಸಾಮಾನ್ಯವಾಗಿ 1955ರ ಆ ಪ್ರಬಂಧಕ್ಕೆ ಸಲ್ಲುತ್ತದೆ. ಅಲ್ಲಿ ಅದರ ಅರ್ಥ, ಊರಿನ ಮುಖಂಡನೊಬ್ಬನ ಕೈಯಲ್ಲಿದ್ದ ಆಶ್ರಿತರ ಮತಗಳ ಕಟ್ಟು. ಇಂದು ಅದನ್ನು ಇಡೀ ಸಮುದಾಯವನ್ನು ಹಳಿಯಲು ಬಳಸುತ್ತಾರೆ. ಬೆಂಗಳೂರಿನ ಚುನಾವಣಾ ವರದಿಗಾರ ದಿನಕ್ಕೆ ಹತ್ತು ಬಾರಿ ಈ ಮಾತನ್ನು ಬರೆಯುತ್ತಾನೆ, ಅಡಿಟಿಪ್ಪಣಿ ಕೊಡುತ್ತಾನೆಯೇ? ಒಂದು ವಿಚಾರ ಎಲ್ಲರ ಸೊತ್ತಾದಾಗ ಅದರ ಕರ್ತೃವಿನ ಹೆಸರೇ ಅಳಿಸಿಹೋಗುತ್ತದೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಶ್ರೀನಿವಾಸರ ಅತಿ ದೊಡ್ಡ ಪ್ರಭಾವ ಇರುವುದು ಯಾವ ಸೂಚಿಯೂ ಇಣುಕದ ಈ ಜಾಗದಲ್ಲಿಯೇ.

ಹಳ್ಳಿಯ ಸಮಗ್ರ ಗ್ರಂಥವಾದರೋ ಬರಲೇ ಇಲ್ಲ. ಬರೋಡಾದಲ್ಲಿಯೂ ದೆಹಲಿಯಲ್ಲಿಯೂ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟುವುದರಲ್ಲಿ ವರ್ಷಗಳು ಉರುಳಿದವು. ಕೊನೆಗೆ ಬಿಡುವು ದೊರೆತು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿಗೆ ಹೋದರೆ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಅಧ್ಯಯನ ಕೊಠಡಿ ಆಹುತಿಯಾಯಿತು. ವರ್ಷಗಟ್ಟಲೆ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲಿದ್ದವು. ನೆನಪನ್ನೇ ನೆಚ್ಚಿ ಬರೆಯಿರೆಂದು ಷಿಕಾಗೋದ ಸೋಲ್ ಟ್ಯಾಕ್ಸ್ ಸಲಹೆಯಿತ್ತರು. ಹಾಗೆ ಮೂಡಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಕ್ಷೇತ್ರಕಾರ್ಯದಿಂದ ಪುಸ್ತಕಕ್ಕೆ 28 ವರ್ಷ! ಅಂಕಿಅಂಶಗಳು ತೆಳುವಾಗಿವೆ, ನಿಜ. ಆದರೆ ಗೌಡರ ಗತ್ತು, ನೆರೆಹೊರೆಯ ಮನಸ್ತಾಪ, ಹೊಲದ ಚಿಂತೆ ಎಲ್ಲವೂ ಜೀವಂತವಾಗಿ ಎದುರು ನಿಲ್ಲುತ್ತವೆ. ಮೇಲ್ಜಾತಿಯವನಾಗಿ ಮೇಲ್ಜಾತಿಯವರ ನಡುವೆ ತಾವು ನೆಲೆಸಿದ್ದು ತಮ್ಮ ನೋಟವನ್ನು ರೂಪಿಸಿತೆಂಬ ಅರಿವು ಲೇಖಕರಿಗೇ ಇತ್ತು. ದಲಿತ ಕೇರಿಯಿಂದ ಬರೆದಿದ್ದರೆ ರಾಂಪುರವೇ ಬೇರೆಯಾಗಿರುತ್ತಿತ್ತೆಂಬ ಆಕ್ಷೇಪಣೆಗೆ ನಾನೂ ತಲೆದೂಗುತ್ತೇನೆ. ಸಂಸ್ಕೃತೀಕರಣದ ಪರಿಕಲ್ಪನೆಗೂ ಅದು ಅನ್ವಯಿಸುತ್ತದೆ.

ಕೊಡಗಹಳ್ಳಿಯ ಜನ ಮಾತನಾಡಿದ್ದು ಕನ್ನಡದಲ್ಲಿ. ಲೋಕ ಅದನ್ನು ಓದಿದ್ದು ಇಂಗ್ಲಿಷಿನಲ್ಲಿ. ಅದೇ ಗ್ರಂಥವನ್ನು ಅವರು ಕನ್ನಡದಲ್ಲಿಯೇ ಬರೆದಿದ್ದರೆ ಸೂಚಿಗಳು ಅದನ್ನು ಕಾಣುತ್ತಿದ್ದವೆಂದು ನನಗೆ ತೋರುವುದಿಲ್ಲ. ನಮ್ಮ ಭಾಷೆಯ ವಿದ್ವತ್ಪತ್ರಿಕೆಗಳಿಗೆ ಇಂದಿಗೂ ಅಲ್ಲಿ ದೊರೆಯುವ ಸ್ಥಾನ ಅತ್ಯಲ್ಪ.

ಪುಸ್ತಕ ಹೊರಬಂದ 1976ರಲ್ಲಿಯೇ ಲಂಡನ್ನಿನ ರಾಯಲ್ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಶ್ರೀನಿವಾಸರಿಗೆ ಹಕ್ಸ್ಲಿ ಸ್ಮಾರಕ ಪದಕವನ್ನಿತ್ತು ಗೌರವಿಸಿತು. ಆ ಗೌರವದ ಅಂಗವಾದ ಉಪನ್ಯಾಸಕ್ಕೆ ಅವರು ರಾಂಪುರವನ್ನಾಗಲಿ ತಮ್ಮ ಪ್ರಸಿದ್ಧ ಪರಿಕಲ್ಪನೆಗಳನ್ನಾಗಲಿ ವಿಷಯವಾಗಿ ಆಯ್ದುಕೊಳ್ಳಲಿಲ್ಲ. ಅರವತ್ತರ ವಯಸ್ಸಿನಲ್ಲಿ ಅವರು ಎತ್ತಿಕೊಂಡದ್ದು ಭಾರತೀಯ ಸ್ತ್ರೀಯರ ಬದಲಾಗುತ್ತಿರುವ ಸ್ಥಾನಮಾನವನ್ನು. ಮರುವರ್ಷ ಅದು ಆ ಸಂಸ್ಥೆಯ ‘ಮ್ಯಾನ್’ ಪತ್ರಿಕೆಯಲ್ಲಿ ಅಚ್ಚಾಯಿತು.