ವಿದ್ಯಾರ್ಥಿಯ ಲೇಖನಿ, ವಿದ್ವತ್ತಿನ ಗದ್ಯ

ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ವಿದ್ವತ್ತಿನ ಬರಹವನ್ನು ಕಲಿಯುವುದು ಎಲ್ಲಿ? ತರಗತಿಯಲ್ಲಿ ಎಂದು ಥಟ್ಟನೆ ಹೇಳಿಬಿಡುತ್ತೇವೆ. ನಮ್ಮ ನಾಡಿನ ಚರಿತ್ರೆಯನ್ನು ನೋಡಿದರೆ ಈ ಉತ್ತರ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದರ ಪಾಠ, ಪರೀಕ್ಷೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದವು. ತರುಣನು ಉತ್ತರಪತ್ರಿಕೆಯನ್ನು ಬರೆಯುತ್ತಿದ್ದುದು ಒಬ್ಬ ಪರೀಕ್ಷಕನಿಗಾಗಿ. ಅಂಕ ಬಿದ್ದೊಡನೆ ಆ ಬರಹದ ಆಯುಸ್ಸು ತೀರುತ್ತಿತ್ತು. ತಾಯ್ನುಡಿಯಲ್ಲಿ ಒಂದು ವಾದವನ್ನು ಹೂಡಿ, ಆಧಾರ ಕೊಟ್ಟು, ಆಕ್ಷೇಪಕ್ಕೆ ಸಮಾಧಾನ ಹೇಳಿ ನಿರ್ಣಯಕ್ಕೆ ಬರುವ ಅಭ್ಯಾಸಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಆ ಎಡೆಯನ್ನು ಮಾಡಿಕೊಟ್ಟವರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಮುಖ್ಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಕರ್ಣಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರತಂದರು. ಸಂಘದಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ; ಅಚ್ಚಾದ ಮಾತಿಗೆ ಬರೆದವನು ಹೊಣೆಯಾಗಬೇಕು. ಪರೀಕ್ಷಕನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಪತ್ರಿಕೆಯ ಓದುಗನಿಗೆ ಗೊತ್ತಿಲ್ಲ, ಅವನನ್ನು ಒಪ್ಪಿಸಬೇಕು. ಈ ಒಂದು ಭೇದದಲ್ಲಿ ವಿದ್ವತ್ತಿನ ಗದ್ಯದ ಗುಟ್ಟೆಲ್ಲ ಅಡಗಿದೆ.

1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಕುವೆಂಪು, ಡಿ. ಎಲ್. ನರಸಿಂಹಾಚಾರ್ಯರು ಅಲ್ಲಿ ಓದಿದವರು. ನರಸಿಂಹಾಚಾರ್ಯರು ಮುಂದೆ ಹಿಡಿದ ದಾರಿ ನಮ್ಮ ವಿಷಯಕ್ಕೆ ಬಹಳ ಸಲ್ಲುತ್ತದೆ. 'ವಡ್ಡಾರಾಧನೆ'ಯನ್ನು ಸಂಪಾದಿಸಿದ ಅವರು 1964ರಲ್ಲಿ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಪ್ರಕಟಿಸಿದರು. ಓಲೆಗರಿಯ ಪ್ರತಿಗಳು ಒಂದರಂತೆ ಒಂದಿರುವುದಿಲ್ಲ. ಲಿಪಿಕಾರನ ಕಣ್ಣು ಜಾರಿರುತ್ತದೆ, ಕೈ ತಪ್ಪಿರುತ್ತದೆ. ಸಂಪಾದಕನು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಆರಿಸುತ್ತಾನೆ; ತಾನು ಬಿಟ್ಟ ಪಾಠಾಂತರಗಳನ್ನೂ ಅಡಿಯಲ್ಲಿ ಕೊಡುತ್ತಾನೆ. ಹೀಗೆ ತನ್ನನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನು ತಾನೇ ಓದುಗನ ಕೈಗೆ ಇಡುತ್ತಾನೆ. ಗ್ರಂಥಸಂಪಾದನೆಯ ಈ ಶೀಲ ಯಾವ ಶಾಸ್ತ್ರದ ಪ್ರಬಂಧಕ್ಕೂ ಬೇಕಾದದ್ದೇ.

ಇಂದು ಪದವಿಗಳು ಹೆಚ್ಚಿವೆ, ಪ್ರಬಂಧಗಳೂ ಹೆಚ್ಚಿವೆ. ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಗಳನ್ನೇ ಹೊರಡಿಸಬೇಕಾಯಿತು. ನಿಯಮ ಕಳವನ್ನು ತಡೆದೀತು, ಬರೆಯುವುದನ್ನು ಕಲಿಸಲಾರದು. ಸಿದ್ಧ ಟಿಪ್ಪಣಿಯನ್ನು ನಕಲು ಮಾಡುವ ಹುಡುಗನನ್ನು ಬೈದು ಫಲವೇನು? ಅವನ ಸ್ವಂತ ಮಾತನ್ನು ಕೇಳುವೆನೆಂದು ನಾವು ಯಾರಾದರೂ ಅವನಿಗೆ ಹೇಳಿದ್ದೇವೆಯೆ? ಪ್ರತಿಯೊಂದು ಕಾಲೇಜಿನಲ್ಲಿ ಒಂದು ಸಣ್ಣ ಪತ್ರಿಕೆ, ತಿದ್ದಿ ಮರಳಿ ಬರೆಸುವ ಒಬ್ಬ ಅಧ್ಯಾಪಕ, ಎದುರು ಪ್ರಶ್ನೆ ಹಾಕುವ ನಾಲ್ಕು ಮಂದಿ ಗೆಳೆಯರು—ಇಷ್ಟು ಒದಗಿದರೆ ವಿದ್ಯಾರ್ಥಿಯ ಲೇಖನಿಗೆ ತನ್ನ ದಾರಿ ಕಾಣುತ್ತದೆ.